ಕೋಸಿನ ಎಲೆ ತುಂಬ ತೂತು, ಹುಳು ಮಾತ್ರ ಕಣ್ಣಿಗೆ ಬೀಳುತ್ತಿಲ್ಲ. ಏನು ಮಾಡಲಿ?

ಮೊದಲಮಡಿ:
ಎಲ್ಲರಿಗೂ ನಮಸ್ಕಾರ. ಮನೆ ಹಿಂದಿನ ಜಾಗದಲ್ಲಿ ಇದೇ ಮೊದಲ ಸಲ ತರಕಾರಿ ಹಾಕಿದ್ದೇನೆ. 8 ಎಲೆಕೋಸು ಸುಮಾರಾಗಿ ಬೆಳೆದಿವೆ, ಇನ್ನು 6 ಹೋದ ವಾರ ನೆಟ್ಟ ಸಸಿಗಳು. ಜೊತೆಗೆ 6 ಟೊಮೆಟೊ, 4 ಬದನೆ. ಹತ್ತು ದಿನದ ಹಿಂದಿನವರೆಗೂ ಎಲ್ಲ ಚೆನ್ನಾಗಿತ್ತು. ಈಗ ಕೋಸಿನ ಎಲೆಯಲ್ಲಿ ಎಲ್ಲಿ ನೋಡಿದರೂ ತೂತು. ಕೆಲವು ಬೆರಳು ತೂರುವಷ್ಟು ದೊಡ್ಡವು. ಕೆಲವು ಕಡೆ ಎಲೆ ಪೂರ್ತಿ ತೂತಾಗಿಲ್ಲ, ಮೇಲಿನ ತೆಳು ಪೊರೆ ಮಾತ್ರ ಉಳಿದಿದೆ, ಬೆಳಕಿಗೆ ಹಿಡಿದರೆ ಗಾಜಿನ ಥರ ಕಾಣುತ್ತದೆ. ನಿನ್ನೆ ಬೆಳಿಗ್ಗೆ ಹೋಗಿ ನೋಡಿದರೆ ಹೊಸ ಸಸಿಗಳಲ್ಲಿ ಎರಡು ಬುಡದಲ್ಲೇ ತುಂಡಾಗಿ ಮಲಗಿವೆ, ಯಾರೋ ಕತ್ತರಿ ಹಾಕಿದ ಹಾಗೆ. ನಿಜವಾಗಲೂ ಅಳು ಬಂತು.

ಸೋಪಿನ ನೀರು ಎರಡು ಸಲ ಹೊಡೆದೆ, ಏನೂ ಪ್ರಯೋಜನ ಆಗಲಿಲ್ಲ. ಹುಳು ಒಂದೂ ಕಂಡಿಲ್ಲ. ಯಾವ ಔಷಧಿ ಹೊಡೆಯಬೇಕು ಅಂತ ದಯವಿಟ್ಟು ಹೇಳಿ.

ಹಿತ್ತಲಗಿಡ:
ಔಷಧಿ ಆಮೇಲೆ ನೋಡೋಣ, ಮೊದಲು ಹುಳು ಹುಡುಕಿ. ಯಾವ ಹುಳು ಅಂತ ಗೊತ್ತಾಗದೆ ಏನು ಹೊಡೆದರೂ ಸುಮ್ನೆ ದುಡ್ಡು ದಂಡ. ಸೋಪಿನ ನೀರು ಗಿಡಹೇನಿನಂಥ ಮೆತ್ತನೆ ಮೈಯ ಸಣ್ಣ ಕೀಟಕ್ಕೆ ಸರಿ, ಮರಿಹುಳುವಿಗೆ ಅದು ಸ್ನಾನ ಮಾಡಿಸಿದ ಹಾಗೆ ಅಷ್ಟೇ.

ಹುಳು ಹುಡುಕೋಕೆ ಹುಳುವನ್ನೇ ಹುಡುಕಬೇಡಿ, ಹಿಕ್ಕೆ ಹುಡುಕಿ. ಕೋಸಿನ ಎಲೆಗಳು ಕೂಡುವ ಕಂಕುಳಲ್ಲಿ ಕಡು ಹಸಿರು ಅಥವಾ ಕಪ್ಪು ಕಾಳು ಕಾಳಾಗಿ ಬಿದ್ದಿರುತ್ತದೆ. ಒದ್ದೆಯಾಗಿ ಹಸಿರಾಗಿದ್ದರೆ ಈಗಷ್ಟೇ ಬಿದ್ದಿದ್ದು, ಹುಳು ಅದರ ನೇರ ಮೇಲೇ ಇದೆ ಅಂತ ಅರ್ಥ. ಅಲ್ಲಿಂದ ಒಂದೊಂದೇ ಎಲೆ ಮೇಲೆತ್ತಿ ಅಡಿಭಾಗ ನೋಡುತ್ತಾ ಹೋಗಿ, ನಡುನರದ ಉದ್ದಕ್ಕೂ ನಿಧಾನವಾಗಿ ಕಣ್ಣಾಡಿಸಿ, ಯಾಕಂದರೆ ಎಷ್ಟೋ ಹುಳುಗಳು ಆ ನರದ ಮೇಲೇ ನರದ್ದೇ ಬಣ್ಣದಲ್ಲಿ ಉದ್ದಕ್ಕೆ ಮಲಗಿರುತ್ತವೆ, ನೋಡುತ್ತಿದ್ದರೂ ಕಾಣುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸಲ ನೋಡಿ. ಹಗಲು ಅಡಗಿ ರಾತ್ರಿ ತಿನ್ನುವವು ಬೇರೆಯೇ ಇವೆ.

ತುಂಡಾದ ಸಸಿ ಬಗ್ಗೆ: ಅದರ ಸುತ್ತ ಒಂದು ಗೇಣು ಜಾಗದ ಮಣ್ಣನ್ನು ಬೆರಳಿನಿಂದ ಎರಡು ಅಂಗುಲ ಆಳಕ್ಕೆ ಕೆದಕಿ. ಇವತ್ತೇ ಮಾಡಿ, ನಾಳೆಗೆ ಬಿಟ್ಟರೆ ಮೂರನೇ ಸಸಿ ಹೋಗಿರುತ್ತದೆ.

ಮೊದಲಮಡಿ:
ಹಿತ್ತಲಗಿಡ ಅವರೇ, ಸಿಕ್ಕವು!! ಎರಡು ಗಂಟೆ ಕೂತು ನೋಡಿದೆ.

ಮಣ್ಣು ಕೆದಕಿದ ಜಾಗದಲ್ಲಿ ಬೂದು ಬಣ್ಣದ ದಪ್ಪ ಹುಳು, ನನ್ನ ಕಿರುಬೆರಳಷ್ಟು ಉದ್ದ. ಮುಟ್ಟಿದ ತಕ್ಷಣ ಬಳೆ ಥರ ಸುರುಳಿಯಾಯಿತು. ಎಲೆ ಅಡಿಯಲ್ಲಿ ಎರಡು ಜಾತಿ ಇವೆ. ಒಂದು ಮಖಮಲ್ಲಿನ ಹಾಗೆ ನುಣುಪಾದ ಹಸಿರು, ಬೆನ್ನ ಮೇಲೆ ತೆಳು ಹಳದಿ ಗೆರೆ, ತುಂಬ ನಿಧಾನ. ಇನ್ನೊಂದು ತೀರಾ ಸಣ್ಣದು, ಒಂದು ಸೆಂಟಿಮೀಟರ್ ಕೂಡ ಇಲ್ಲ. ಕಡ್ಡಿ ತಾಗಿಸಿದರೆ ಸಾಕು, ಒದ್ದಾಡಿಕೊಂಡು ಹಿಂದಕ್ಕೆ ಹೋಗಿ ಎಲೆಯಿಂದ ನೂಲು ಬಿಟ್ಟು ನೇತಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅದೇ ನೂಲು ಹಿಡಿದು ಮೇಲೆ ಹತ್ತಿತು. ಎಷ್ಟು ದಿನದಿಂದ ಇವೆಲ್ಲ ನನ್ನ ಕಣ್ಣೆದುರೇ ಇದ್ದವು ಅಂತ ಯೋಚಿಸಿದರೆ ಆಶ್ಚರ್ಯ ಆಗುತ್ತದೆ.

ಬೀಜದಡಬ್ಬಿ:
ಎಷ್ಟು ಚೆನ್ನಾಗಿ ಬರೆದಿದ್ದೀರಿ, ಫೋಟೋನೇ ಬೇಕಾಗಲಿಲ್ಲ.

ಮಖಮಲ್ಲಿನ ಹಸಿರು ಹುಳು ಬಿಳಿ ಚಿಟ್ಟೆಯ ಮರಿ. ಹಗಲು ಕೋಸಿನ ಮೇಲೆ ಹಾರಾಡುತ್ತಾ ಎಲೆಗೆ ಹಿಂಭಾಗ ತಾಗಿಸಿ ಮುಂದೆ ಹೋಗುವ ಬಿಳಿ ಚಿಟ್ಟೆ ನೋಡಿರಬೇಕು, ಹಾಗೆ ತಾಗಿಸುವಾಗಲೇ ಒಂದೊಂದು ಮೊಟ್ಟೆ ಅಂಟಿಸುತ್ತದೆ. ಆ ನೂಲು ಬಿಡುವ ಸಣ್ಣದು ಡೈಮಂಡ್ ಬ್ಯಾಕ್ ಪತಂಗದ್ದು. ರೆಕ್ಕೆ ಮಡಚಿ ಕೂತರೆ ಬೆನ್ನ ಮೇಲೆ ವಜ್ರದಾಕಾರದ ಗುರುತು ಕಾಣುತ್ತದೆ, ಅದಕ್ಕೇ ಆ ಹೆಸರು. ನೀವು ಹೇಳಿದ ಗಾಜಿನಂಥ ಕಲೆ ಅದರದೇ. ಎಳೆ ಮರಿ ಎಲೆಯನ್ನು ಅಡಿಯಿಂದ ಕೆರೆದು ತಿನ್ನುತ್ತದೆ, ಮೇಲಿನ ಪೊರೆ ಹಾಗೇ ಉಳಿಯುತ್ತದೆ.

ಬೂದು ಹುಳು ಸಸಿ ಕತ್ತರಿಸುವ ಹುಳು. ಇದಕ್ಕೆ ಔಷಧಿಯೇ ಬೇಡ. ದಪ್ಪ ರಟ್ಟನ್ನು ಮೂರು ನಾಲ್ಕು ಅಂಗುಲ ಅಗಲದ ಪಟ್ಟಿ ಮಾಡಿ, ಸಸಿ ಸುತ್ತ ಬಳೆ ಥರ ನಿಲ್ಲಿಸಿ, ಒಂದು ಅಂಗುಲ ಮಣ್ಣೊಳಗೆ ಹೂತುಬಿಡಿ. ಕಾಂಡ ಪೆನ್ಸಿಲ್‌ನಷ್ಟು ದಪ್ಪ ಆಗುವವರೆಗೆ ಇದ್ದರೆ ಸಾಕು. ಹಾಕುವ ಮೊದಲು ಆ ಬಳೆಯೊಳಗಿನ ಮಣ್ಣು ಕೆದಕಿ ನೋಡಿ. ನಾನು ಒಂದು ಸಲ ನೋಡದೆ ಹಾಕಿ ಹುಳುವನ್ನೂ ಸಸಿಯನ್ನೂ ಒಟ್ಟಿಗೆ ಒಳಗೆ ಕೂಡಿಹಾಕಿದ್ದೆ, ಬೆಳಗಾಗುವಷ್ಟರಲ್ಲಿ ಸಸಿ ಇರಲಿಲ್ಲ.

ಸೊಪ್ಪಿನಪಾತಿ:
ಇಷ್ಟೆಲ್ಲ ಯಾಕೆ ಸರ್? ಒಳ್ಳೆ ಕೀಟನಾಶಕ ತಂದು ಒಂದೇ ಸಲ ಗಟ್ಟಿಯಾಗಿ ಹೊಡೆದರೆ ಎಲ್ಲ ಜಾತಿಯೂ ಮುಗಿಯುತ್ತದೆ. ನಾನು ಹಾಗೇ ಮಾಡುತ್ತೇನೆ. ಎಲೆ ಎಲೆ ಎತ್ತಿ ನೋಡುತ್ತಾ ಕೂರುವಷ್ಟು ಹೊತ್ತು ಎಲ್ಲರಿಗೂ ಇರುವುದಿಲ್ಲ.

ಹಿತ್ತಲಗಿಡ:
ಹೊತ್ತಿನ ಮಾತು ಒಪ್ಪುತ್ತೇನೆ. ಆದರೆ ಮನೆಯವರು ತಿನ್ನುವ ಗಿಡ ಅಲ್ವಾ? ಔಷಧಿ ಹೊಡೆದ ಮೇಲೆ ಎಷ್ಟು ದಿನ ಕೊಯ್ಯಬಾರದು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಮನೆ ತೋಟದಲ್ಲಿ ಅದನ್ನು ಪಾಲಿಸುವವರು ಕಡಿಮೆ. "ಗಟ್ಟಿಯಾಗಿ" ಅನ್ನುವುದಂತೂ ಬೇಡವೇ ಬೇಡ, ಲೇಬಲ್‌ನಲ್ಲಿ ಇರುವುದಕ್ಕಿಂತ ಹನಿಯೂ ಜಾಸ್ತಿ ಹಾಕಬೇಡಿ.

ಇನ್ನೊಂದು ವಿಷಯ. ಅಂಥ ಔಷಧಿ ಮರಿಹುಳುವಿನ ಜೊತೆ ಅದನ್ನು ತಿನ್ನುವವರನ್ನೂ ಕೊಲ್ಲುತ್ತದೆ. ಸಣ್ಣ ಕಣಜ, ಜೇಡ, ಜೀರಂಗಿ ಎಲ್ಲ ಹೋಗುತ್ತವೆ. ಎರಡು ಮೂರು ವಾರಕ್ಕೆ ಹೊಸ ಪತಂಗ ಬಂದು ಮೊಟ್ಟೆ ಇಟ್ಟರೆ ತಡೆಯುವವರು ಯಾರೂ ಇರುವುದಿಲ್ಲ, ಮೊದಲಿಗಿಂತ ಜಾಸ್ತಿ ಹುಳು ಬರುತ್ತದೆ. ಅದರಲ್ಲೂ ಡೈಮಂಡ್ ಬ್ಯಾಕ್ ಬಹಳ ಗಟ್ಟಿ ಜೀವ. 1953ರಲ್ಲೇ ಜಾವಾ ದ್ವೀಪದಲ್ಲಿ ಅದು ಡಿಡಿಟಿಗೆ ಜಗ್ಗುತ್ತಿಲ್ಲ ಅಂತ ವರದಿಯಾಗಿತ್ತು. ಆಮೇಲೆ ಬಂದ ಎಷ್ಟೋ ಔಷಧಿಗಳನ್ನೂ ಅದು ಅರಗಿಸಿಕೊಂಡಿದೆ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಬದುಕಿ ಉಳಿಯುವವು ಆ ಔಷಧಿಗೆ ಜಗ್ಗದವು ಮಾತ್ರ, ಮುಂದಿನ ಮರಿಗಳೆಲ್ಲ ಅವುಗಳದ್ದೇ.

14 ಗಿಡಕ್ಕೆ ಕೈ ಸಾಕು. ಒಂದು ಡಬ್ಬಿಯಲ್ಲಿ ಸೋಪಿನ ನೀರು ಇಟ್ಟುಕೊಂಡು ದಿನ ಬಿಟ್ಟು ದಿನ ಹತ್ತು ನಿಮಿಷ. ಸೋಪಿನ ನೀರು ಎಲೆ ಮೇಲೆ ಬೇಡ, ಹುಳುವನ್ನು ಅದರೊಳಗೆ ಹಾಕಿ, ಮುಳುಗಿ ಸಾಯುತ್ತದೆ.

ಮೊದಲಮಡಿ:
ಕೈಯಲ್ಲಿ ತೆಗೆಯುತ್ತಿದ್ದೇನೆ, ಮೊದಲ ದಿನ 31 ಸಿಕ್ಕವು. ದೊಡ್ಡವು ಬೇಗ ಸಿಗುತ್ತವೆ, ಆ ಸಣ್ಣವು ನೂಲು ಬಿಟ್ಟು ತಪ್ಪಿಸಿಕೊಳ್ಳುತ್ತವೆ. ಅವಕ್ಕೆ ಬೇವಿನ ಎಣ್ಣೆಯೋ, ಬಿಟಿ ಅಂತಾರಲ್ಲ ಅದೋ? ಎರಡಕ್ಕೂ ವ್ಯತ್ಯಾಸ ಏನು?

ಬೀಜದಡಬ್ಬಿ:
ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಓದಿ.

ಬಿಟಿ ಅಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಲ್ಲಿ ತಾನಾಗಿ ಇರುವ ಒಂದು ಬ್ಯಾಕ್ಟೀರಿಯಾ. 1901ರಲ್ಲಿ ಜಪಾನಿನಲ್ಲಿ ಸಾಯುತ್ತಿದ್ದ ರೇಷ್ಮೆಹುಳುಗಳಲ್ಲಿ ಇಶಿವಾಟಾ ಎಂಬ ವಿಜ್ಞಾನಿ ಇದನ್ನು ಮೊದಲು ಗುರುತಿಸಿದರು. 1911ರಲ್ಲಿ ಜರ್ಮನಿಯ ಬರ್ಲೈನರ್ ಹಿಟ್ಟಿನ ಪತಂಗದ ಮರಿಯಲ್ಲಿ ಮತ್ತೆ ಕಂಡರು. ಆ ಹುಳು ಬಂದಿದ್ದು ಥುರಿಂಜಿಯಾ ಎಂಬ ಪ್ರದೇಶದಿಂದ, ಆ ಊರಿನ ಹೆಸರೇ ಬ್ಯಾಕ್ಟೀರಿಯಾಕ್ಕೂ ಬಂತು. ಇದು ಮೈಗೆ ತಾಗಿದರೆ ಏನೂ ಆಗುವುದಿಲ್ಲ, ಹುಳು ಇದನ್ನು ತಿನ್ನಬೇಕು. ಮರಿಹುಳುವಿನ ಹೊಟ್ಟೆಯೊಳಗೆ ಕ್ಷಾರ ಜಾಸ್ತಿ, ಅಲ್ಲಿ ಈ ಬ್ಯಾಕ್ಟೀರಿಯಾ ಮಾಡುವ ಪ್ರೋಟೀನ್ ಹರಳು ಕರಗಿ ವಿಷವಾಗಿ ಕರುಳಿನ ಗೋಡೆ ತೂತು ಮಾಡುತ್ತದೆ. ಕೆಲವೇ ಗಂಟೆಯಲ್ಲಿ ಹುಳು ತಿನ್ನುವುದು ನಿಲ್ಲಿಸುತ್ತದೆ, ಸಾಯೋಕೆ ಎರಡು ಮೂರು ದಿನ ಬೇಕು. ಹಾಗಾಗಿ ಮಾರನೇ ದಿನ ಹುಳು ಇನ್ನೂ ಎಲೆ ಮೇಲೇ ಕೂತಿದೆ ಅಂತ ಗಾಬರಿಯಾಗಿ ಮತ್ತೆ ಹೊಡೆಯಬೇಡಿ. ಹೊಸ ಹಿಕ್ಕೆ ಬಿದ್ದಿದೆಯಾ ನೋಡಿ. ಬಿದ್ದಿಲ್ಲ ಅಂದರೆ ಕೆಲಸ ಆಗಿದೆ.

ಬಿಸಿಲಿಗೆ ಬಿಟಿ ಕೆಲವೇ ದಿನದಲ್ಲಿ ಹಾಳಾಗುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಸಂಜೆ ಹೊಡೆಯಿರಿ, ಎಲೆ ಅಡಿಗೆ ಹೊಡೆಯಿರಿ, ವಾರದ ನಂತರ ಹೊಸ ಮರಿ ಕಂಡರೆ ಇನ್ನೊಮ್ಮೆ. ಕೋಸಿನ ಎಲೆಗೆ ಮೇಣದ ಪದರ ಇರುವುದರಿಂದ ನೀರು ಮುತ್ತಿನ ಥರ ಉರುಳಿ ಬಿದ್ದುಬಿಡುತ್ತದೆ, ಲೀಟರಿಗೆ ಒಂದೆರಡು ಹನಿ ಸೋಪಿನ ದ್ರಾವಣ ಸೇರಿಸಿದರೆ ಎಲೆಗೆ ಹಿಡಿಯುತ್ತದೆ. ಇದು ಎಳೆ ಮರಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಲಿತ ದೊಡ್ಡ ಹುಳುವಿಗೆ ಅಷ್ಟಾಗಿ ಇಲ್ಲ. ಆದರೆ ಎಲೆ ಹಾಳು ಮಾಡುವುದು ಹೆಚ್ಚಾಗಿ ದೊಡ್ಡದಾದ ಮೇಲೆಯೇ. ಒಂದು ಹುಳು ಹುಟ್ಟಿನಿಂದ ತಿನ್ನುವುದರಲ್ಲಿ ಬಹುಪಾಲನ್ನು ಕೊನೆಯ ಒಂದೆರಡು ಪೊರೆ ಕಳಚುವ ಹಂತದಲ್ಲೇ ತಿನ್ನುತ್ತದೆ. ಅದಕ್ಕೇ ಹಿತ್ತಲಗಿಡ ಅವರು ಎಲೆ ಅಡಿ ನೋಡಿ ಅಂತ ಅಷ್ಟು ಒತ್ತಿ ಹೇಳಿದ್ದು. ಮೊಟ್ಟೆಯಲ್ಲೋ ಎಳೆ ಮರಿಯಲ್ಲೋ ಸಿಕ್ಕರೆ ಎಲೆಗೆ ಏನೂ ಆಗಿರುವುದಿಲ್ಲ.

ಬೇವು ಬೇರೆ ಥರ. ಅದರಲ್ಲಿರುವ ಅಜಾಡಿರಾಕ್ಟಿನ್ ಎಂಬ ಅಂಶ ಹುಳುವಿಗೆ ತಿನ್ನುವುದೇ ಬೇಡ ಅನ್ನಿಸುವ ಹಾಗೆ ಮಾಡುತ್ತದೆ, ಪೊರೆ ಕಳಚಿ ಬೆಳೆಯುವುದನ್ನೂ ತಪ್ಪಿಸುತ್ತದೆ. ಬೇವಿನ ಬೀಜದ ಕಷಾಯ ಮಾಡುವುದಾದರೆ 50 ಗ್ರಾಂ ಬೀಜದ ತಿರುಳು ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು ಕಲಸಿ ಅದೇ ದಿನ ಹೊಡೆದು ಮುಗಿಸಿ. ಎಣ್ಣೆಯಾದರೆ ಲೀಟರಿಗೆ 3ರಿಂದ 5 ಮಿಲಿ, ಸೋಪು ಹಾಕದೆ ಎಣ್ಣೆ ನೀರಿಗೆ ಬೆರೆಯುವುದಿಲ್ಲ. ಎಣ್ಣೆಯನ್ನು ಉರಿ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿರಿ.

ನಿಮಗೆ ನನ್ನ ಸಲಹೆ: ಆ ಸಣ್ಣವಕ್ಕೆ ಬಿಟಿ, ದೊಡ್ಡವಕ್ಕೆ ಕೈ.

ಚಿಟ್ಟೆಗಣ್ಣು:
ಒಂದು ಮಾತು ಸೇರಿಸಲಾ? ಬಿಟಿಗೆ ಒಳ್ಳೆ ಚಿಟ್ಟೆ, ಕೆಟ್ಟ ಚಿಟ್ಟೆ ಅಂತ ಗೊತ್ತಾಗುವುದಿಲ್ಲ. ಅದನ್ನು ತಿಂದ ಮರಿ ಯಾವ ಚಿಟ್ಟೆಯದಾದರೂ ಸಾಯುತ್ತದೆ. ದಯವಿಟ್ಟು ಕೋಸಿಗೆ ಮಾತ್ರ ಹೊಡೆಯಿರಿ, ಪಕ್ಕದ ಹೂಗಿಡಕ್ಕೆ ಹಾರದ ಹಾಗೆ ನೋಡಿಕೊಳ್ಳಿ. ಹತ್ತಿರದಲ್ಲಿ ಯಾರಾದರೂ ರೇಷ್ಮೆ ಸಾಕುತ್ತಿದ್ದರೆ ಅಂತೂ ಬೇಡ.

ನಮ್ಮಲ್ಲಿ ನಿಂಬೆ ಗಿಡದ ಮೇಲೆ ಹಕ್ಕಿ ಹಿಕ್ಕೆ ಥರ ಕಪ್ಪು ಬಿಳಿ ಮರಿಗಳು ಇದ್ದವು. ಬೆಳೆದಂತೆ ಪೂರಾ ಹಸಿರಾಗುತ್ತವೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕಿತ್ತಳೆ ಬಣ್ಣದ ಕವಲು ಕೊಂಬು ಹೊರಗೆ ಚಾಚಿ ಘಾಟು ವಾಸನೆ ಬಿಡುತ್ತವೆ. ಗಿಡ ದೊಡ್ಡದಿತ್ತು, ನಾಲ್ಕು ಮರಿಗೆ ಅದರ ಲೆಕ್ಕವೇ ಇಲ್ಲ, ಬಿಟ್ಟುಬಿಟ್ಟೆ. ಗಿಡ ಮೊಣಕಾಲೆತ್ತರ ಇದ್ದರೆ ಬಿಡುತ್ತಿರಲಿಲ್ಲ, ಎತ್ತಿ ಬೇರೆ ದೊಡ್ಡ ನಿಂಬೆಗೆ ಹಾಕುತ್ತಿದ್ದೆ. ಎಲ್ಲ ತೂತಿಗೂ ಗಿಡ ಸಾಯುವುದಿಲ್ಲ. ಬಲಿತ ಗಿಡ ಅಲ್ಲೊಂದು ಇಲ್ಲೊಂದು ಎಲೆ ಕಳೆದುಕೊಂಡರೂ ಫಸಲು ಕಡಿಮೆಯಾಗುವುದಿಲ್ಲ.

ಕುಂಡದಲ್ಲಿಹಸಿರು:
ನಾನು ಮೂಲಂಗಿ ಗಿಡಕ್ಕೆ ಬಿಟಿ ಮೂರು ಸಲ ಹೊಡೆದೆ. ಸರಿಯಾಗಿ ಸಂಜೆ, ಸರಿಯಾದ ಅಳತೆ. ಒಂದೂ ಸಾಯಲಿಲ್ಲ. ಬಿಟಿ ಅನ್ನುವುದೇ ಸುಳ್ಳು ಅನ್ನಿಸಿಬಿಟ್ಟಿದೆ. ಕಡು ಬಣ್ಣದ ಹುಳು, ಮುಟ್ಟಿದರೆ ಸುರುಳಿ ಸುತ್ತಿ ಉದುರುತ್ತದೆ.

ಬೀಜದಡಬ್ಬಿ:
ಕುಂಡದಲ್ಲಿಹಸಿರು ಅವರೇ, ಅದು ಮರಿಹುಳುವೇ ಅಲ್ಲದಿರಬಹುದು. ಗರಗಸ ನೊಣ ಅಂತ ಕಣಜದ ಬಳಗದ ಕೀಟ ಇದೆ, ಸಾಸಿವೆ ಮೂಲಂಗಿ ಅಂದರೆ ಅದಕ್ಕೆ ತುಂಬ ಇಷ್ಟ, ಅದರ ಮರಿ ನೋಡೋಕೆ ಥೇಟ್ ಚಿಟ್ಟೆ ಮರಿಯೇ. ಮರಿಹುಳುವಿಗಾಗಿ ಮಾಡಿದ ಬಿಟಿ ಅದಕ್ಕೆ ಏನೂ ಮಾಡುವುದಿಲ್ಲ.

ಒಂದು ಹುಳು ಹಿಡಿದು ಕಾಲು ಎಣಿಸಿ. ಮುಂದೆ ಎದೆಯಲ್ಲಿ ಮೂರು ಜೊತೆ ನಿಜವಾದ ಕಾಲು ಇರುತ್ತವೆ, ಅವನ್ನು ಬಿಡಿ. ಅದರ ಹಿಂದೆ ಹೊಟ್ಟೆಯಡಿ ಗುಬುಟು ಗುಬುಟಾದ ಕಾಲುಗಳು ಇರುತ್ತವೆ. ಅವು ಐದು ಜೊತೆ ಅಥವಾ ಕಡಿಮೆ ಇದ್ದರೆ ಚಿಟ್ಟೆ ಪತಂಗದ ಮರಿ. ಆರು ಅಥವಾ ಹೆಚ್ಚು ಇದ್ದರೆ ಗರಗಸ ನೊಣದ್ದು. ಮೊಬೈಲ್‌ನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸುಲಭ.

ಕುಂಡದಲ್ಲಿಹಸಿರು:
ಎಣಿಸಿದೆ. ಎಂಟು ಜೊತೆ! ಹಾಗಾದರೆ ನಾನು ಇಷ್ಟು ದಿನ ಬೇರೆಯದಕ್ಕೇ ಔಷಧಿ ಹೊಡೆಯುತ್ತಿದ್ದೆ. ಈಗ ಕೆಳಗೆ ಅಗಲ ತಟ್ಟೆ ಹಿಡಿದು ಗಿಡ ಅಲ್ಲಾಡಿಸುತ್ತೇನೆ, ತಾವಾಗೇ ಉದುರುತ್ತವೆ. ತುಂಬ ಥ್ಯಾಂಕ್ಸ್.

ಮೊದಲಮಡಿ:
ಆರು ದಿನದ ಸುದ್ದಿ. ರಟ್ಟಿನ ಬಳೆ ಹಾಕಿದ ಮೇಲೆ ಒಂದು ಸಸಿಯೂ ತುಂಡಾಗಿಲ್ಲ. ಬಿಟಿ ಹೊಡೆದು ನಾಲ್ಕು ದಿನ ಆಯಿತು, ಸಣ್ಣವು ಬಣ್ಣಗೆಟ್ಟು ಮೆತ್ತಗಾಗಿ ಎಲೆಗೇ ಅಂಟಿಕೊಂಡು ಸತ್ತಿವೆ.

ಈಗ ಎರಡು ಪ್ರಶ್ನೆ. ಒಂದು, ಬದನೆಯ ಕುಡಿಗಳು ಒಂದೊಂದಾಗಿ ಬಾಡಿ ತಲೆ ಬಗ್ಗಿಸುತ್ತಿವೆ, ನೀರು ಕಡಿಮೆ ಆಗಿಲ್ಲ. ಇನ್ನೊಂದು, ಒಂದು ಕೋಸಿನ ಎಲೆ ಅಡಿಯಲ್ಲಿ ಹಳದಿ ಮೊಟ್ಟೆಗಳ ರಾಶಿ ಸಿಕ್ಕಿದೆ, ಸುಮಾರು ಇಪ್ಪತ್ತು. ಅದರ ಪಕ್ಕದಲ್ಲೇ ಒಂದು ದೊಡ್ಡ ಹಸಿರು ಹುಳು ಸುಮ್ಮನೆ ಕೂತಿದೆ, ಮುಟ್ಟಿದರೂ ಸರಿಯಾಗಿ ಅಲುಗುತ್ತಿಲ್ಲ. ಹುಳುವೇ ಮೊಟ್ಟೆ ಇಟ್ಟಿತಾ? ಅಷ್ಟನ್ನೂ ಉಜ್ಜಿ ಹಾಕಿಬಿಡಲಾ?

ಹಿತ್ತಲಗಿಡ:
ಉಜ್ಜಬೇಡಿ, ನಿಲ್ಲಿ! ಮೊದಲು ಹತ್ತಿರದಿಂದ ನೋಡಿ. ಚಿಟ್ಟೆ ಮೊಟ್ಟೆ ಒಂದು ಮಿಲಿಮೀಟರ್‌ನಷ್ಟು, ಮೇಲ್ತುದಿ ಚೂಪಾದ ಪುಟ್ಟ ಸೀಸೆ ಥರ ಎಲೆ ಮೇಲೆ ನೆಟ್ಟಗೆ ನಿಂತಿರುತ್ತದೆ, ಮೈ ಮೇಲೆ ಗೆರೆ ಗೆರೆ ಇರುತ್ತದೆ. ನಿಮ್ಮದು ಅದಕ್ಕಿಂತ ದೊಡ್ಡದಾಗಿ, ಅಕ್ಕಿಕಾಳಿನ ಆಕಾರದಲ್ಲಿ, ಹಳದಿ ರೇಷ್ಮೆ ನೂಲು ಸುತ್ತಿದ ಹಾಗೆ ನಾರು ನಾರಾಗಿದೆಯಾ?

ಮೊದಲಮಡಿ:
ಹೌದು! ಹತ್ತಿಯ ಥರ ನೂಲು ನೂಲಾಗಿದೆ.

ಹಿತ್ತಲಗಿಡ:
ಹಾಗಾದರೆ ಅದು ಮೊಟ್ಟೆ ಅಲ್ಲ, ಕಣಜದ ಗೂಡು. ಸೊಳ್ಳೆಗಿಂತ ಚಿಕ್ಕ ಒಂದು ಕಣಜ ಇದೆ, ಕೊಟೇಸಿಯಾ ಅಂತ. ಹುಳು ಚಿಕ್ಕದಿರುವಾಗಲೇ ಅದರ ಮೈಯೊಳಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಅದರ ಮರಿಗಳು ಹುಳುವಿನ ಒಳಗೇ ಬೆಳೆದು, ಚರ್ಮ ಕೊರೆದು ಹೊರಗೆ ಬಂದು, ಪಕ್ಕದಲ್ಲೇ ಹಳದಿ ಗೂಡು ನೇಯ್ದುಕೊಳ್ಳುತ್ತವೆ. ಆ ಹುಳು ಇನ್ನು ಚಿಟ್ಟೆಯಾಗುವುದಿಲ್ಲ, ನಿಮ್ಮ ಎಲೆಯನ್ನೂ ತಿನ್ನುವುದಿಲ್ಲ. ಆ ಎಲೆಯನ್ನು ಹಾಗೇ ಬಿಡಿ. ಕೆಲವು ದಿನಕ್ಕೆ ಇಪ್ಪತ್ತು ಕಣಜ ಹೊರಗೆ ಬಂದು ನಿಮ್ಮ ತೋಟದಲ್ಲೇ ಹುಳು ಹುಡುಕುತ್ತವೆ. ಕೊತ್ತಂಬರಿ, ಸಬ್ಬಸಿಗೆ ಇದ್ದರೆ ಒಂದೆರಡು ಗಿಡ ಹೂ ಬಿಡೋಕೆ ಬಿಡಿ, ಗೂಡಿನಿಂದ ಹೊರಬಂದ ಈ ಕಣಜಗಳಿಗೆ ಮಕರಂದ ಬೇಕು.

ಬದನೆ ಬಗ್ಗೆ: ಕುಡಿ ಮತ್ತು ಕಾಯಿ ಕೊರಕ. ಹುಳು ಕಾಂಡದ ಒಳಗಿದೆ, ಮೇಲೆ ಏನು ಹೊಡೆದರೂ ಅದಕ್ಕೆ ತಾಗುವುದಿಲ್ಲ. ಬಾಡಿದ ಜಾಗಕ್ಕಿಂತ ಒಂದು ಅಂಗುಲ ಕೆಳಗೆ ಕತ್ತರಿಸಿ, ಸೀಳಿ ನೋಡಿ, ತಿಳಿ ಗುಲಾಬಿ ಬಣ್ಣದ ಮರಿ ಸಿಗುತ್ತದೆ. ಕತ್ತರಿಸಿದ ಕುಡಿಯನ್ನು ಅಲ್ಲೇ ಎಸೆಯಬೇಡಿ, ಗೊಬ್ಬರದ ಗುಂಡಿಗೂ ಬೇಡ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿಡಿ. ಇವತ್ತು ಕುಡಿಯಲ್ಲಿ ತೆಗೆದರೆ ಮುಂದೆ ಕಾಯಿಯಲ್ಲಿ ಕಡಿಮೆ.

ಸೊಪ್ಪಿನಪಾತಿ:
ಆ ಕಣಜದ ಗೂಡು ನಾನೂ ನೋಡಿದ್ದೇನೆ, ಎಷ್ಟೋ ಸಲ. ಮೊಟ್ಟೆ ಅಂತಲೇ ಉಜ್ಜಿ ಹಾಕುತ್ತಿದ್ದೆ. ಈ ಸಲ ಕೀಟನಾಶಕ ನಿಲ್ಲಿಸಿ ನೋಡುತ್ತೇನೆ. ಟೊಮೆಟೊ ಕಾಯಿ ಕೊರಕಕ್ಕೆ ಏನು ಮಾಡುತ್ತೀರಿ? ಅರ್ಧ ಮೈ ಕಾಯಿಯೊಳಗೆ, ಅರ್ಧ ಹೊರಗೆ ಇಟ್ಟುಕೊಂಡು ತಿನ್ನುತ್ತದೆ, ಒಂದು ಕಾಯಿ ಮುಗಿಸದೆ ಇನ್ನೊಂದಕ್ಕೆ ಹೋಗುತ್ತದೆ.

ಬೀಜದಡಬ್ಬಿ:
ಪಕ್ಕದಲ್ಲಿ ಚೆಂಡುಹೂ ಹಾಕಿ. ಆ ಪತಂಗಕ್ಕೆ ಹೂವಿನ ಮೊಗ್ಗಲ್ಲಿ ಮೊಟ್ಟೆ ಇಡುವುದು ಇಷ್ಟ. ಹೊಲದಲ್ಲಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಹಾಕುತ್ತಾರೆ, ಅದೂ 40 ದಿನದ ಚೆಂಡುಹೂ ಸಸಿಯನ್ನು 25 ದಿನದ ಟೊಮೆಟೊ ಸಸಿ ಜೊತೆ ನೆಡುತ್ತಾರೆ, ಎರಡೂ ಒಟ್ಟಿಗೆ ಹೂವಿಗೆ ಬರಲಿ ಅಂತ. ಮನೆಯಲ್ಲಿ 6 ಗಿಡಕ್ಕೆ ಎರಡು ಹಾಕಿದರೂ ಆಯಿತು. ಆದರೆ ಮೊಗ್ಗು ದಿನಾ ನೋಡಿ ಹುಳು ತೆಗೆಯಬೇಕು. ತೆಗೆಯದಿದ್ದರೆ ಅದೇ ಅವುಗಳ ಮನೆಯಾಗುತ್ತದೆ. ತೂತಾದ ಟೊಮೆಟೊ ಗಿಡದಲ್ಲೇ ಬಿಡಬೇಡಿ, ಒಳಗಿನ ಹುಳುವಿನ ಸಮೇತ ಕಿತ್ತುಬಿಡಿ.

ಚಿಟ್ಟೆಗಣ್ಣು:
ಮೈ ತುಂಬ ಕೂದಲಿರುವ ಕಂಬಳಿಹುಳು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಅಥವಾ ಕಡ್ಡಿ ಬಳಸಿ. ತಾಗಿಬಿಟ್ಟರೆ ಉಜ್ಜಬಾರದು, ಉಜ್ಜಿದಷ್ಟೂ ಕೂದಲು ಒಳಗೆ ಹೋಗುತ್ತದೆ. ಅಂಟುವ ಟೇಪ್ ಒತ್ತಿ ಎತ್ತಿದರೆ ಕೂದಲು ಅದಕ್ಕೆ ಬರುತ್ತದೆ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ತಾಗಿದರೆ, ಉಸಿರು ಕಟ್ಟಿದ ಹಾಗೆ ಆದರೆ ಸೀದಾ ಡಾಕ್ಟರ್ ಹತ್ತಿರ ಹೋಗಿ.

ಮೊದಲಮಡಿ:
ಬದನೆಯ 5 ಕುಡಿ ಕತ್ತರಿಸಿದೆ, ನಾಲ್ಕರಲ್ಲಿ ಗುಲಾಬಿ ಮರಿ ಸಿಕ್ಕಿತು. ಇವತ್ತು ಆ ಹಳದಿ ಗೂಡು ನೋಡೋಕೆ ಹೋದೆ. ಪ್ರತಿ ಗೂಡಿನ ತುದಿಯಲ್ಲೂ ಡಬ್ಬಿ ಮುಚ್ಚಳ ತೆರೆದ ಹಾಗೆ ಒಂದು ದುಂಡು ತೂತು. ಎಲ್ಲ ಖಾಲಿ. ಒಂದು ಮಾತ್ರ ಇನ್ನೂ ಗೂಡಿನ ಮೇಲೆ ಕೂತು ಮೀಸೆ ಸರಿಮಾಡಿಕೊಳ್ಳುತ್ತಿತ್ತು, ಇರುವೆಗಿಂತ ಚಿಕ್ಕದು. ಎಷ್ಟೋ ಹೊತ್ತು ಅಲ್ಲೇ ಕೂತು ನೋಡಿದೆ.

ಮುಂದಿನ ಸಲ ಸಸಿ ನೆಡುವಾಗಲೇ ಬಲೆ ಹಾಕೋಣ ಅಂತ ಇದ್ದೇನೆ. ಏನಾದರೂ ಗಮನಿಸಬೇಕಾ?

ಹಿತ್ತಲಗಿಡ:
ನೆಟ್ಟ ದಿನವೇ ಹಾಕಿ, ಚಿಟ್ಟೆ ಬಂದು ಹೋದ ಮೇಲೆ ಅಲ್ಲ. ಸಣ್ಣ ಕಣ್ಣಿನ ಬಲೆ ಬೇಕು, ಡೈಮಂಡ್ ಬ್ಯಾಕ್ ತೀರಾ ಪುಟ್ಟದು. ಕಡ್ಡಿ ಬಗ್ಗಿಸಿ ಕಮಾನು ಮಾಡಿ ಅದರ ಮೇಲೆ ಹೊದಿಸಿ, ಎಲೆ ಬಲೆಗೆ ತಾಗಿದರೆ ಚಿಟ್ಟೆ ಹೊರಗಿನಿಂದಲೇ ಮೊಟ್ಟೆ ಇಡುತ್ತದೆ. ಅಂಚನ್ನು ಸುತ್ತಲೂ ಮಣ್ಣಲ್ಲಿ ಮುಚ್ಚಿ. ಇದೇ ಪಾತಿಯಲ್ಲಿ ಮತ್ತೆ ಕೋಸು ಹಾಕಬೇಡಿ, ಮಣ್ಣಲ್ಲಿ ಮತ್ತು ಹಳೇ ಎಲೆಯಲ್ಲಿ ಇರುವ ಕೋಶಗಳಿಂದ (ಹುಳು ಚಿಟ್ಟೆಯಾಗುವ ಮೊದಲಿನ ಹಂತ) ಚಿಟ್ಟೆ, ಪತಂಗ ಬಲೆಯೊಳಗೇ ಹೊರಗೆ ಬರುತ್ತವೆ. ಆ ಮಣ್ಣನ್ನು ಅಗೆದು ತಿರುವಿ ಒಂದು ವಾರ ಬಿಸಿಲಿಗೆ ಬಿಡಿ, ಹಕ್ಕಿಗಳು ಆರಿಸಿ ತಿನ್ನುತ್ತವೆ. ಕೋಸಿಗೆ ಬಲೆ ಪೂರ್ತಿ ಇದ್ದರೂ ಚಿಂತೆಯಿಲ್ಲ. ಸೌತೆ, ಕುಂಬಳದಂಥವಕ್ಕೆ ಹೂ ಬಂದ ಮೇಲೆ ತೆಗೆಯಬೇಕು, ಇಲ್ಲದಿದ್ದರೆ ಜೇನು ಒಳಗೆ ಬರದೆ ಕಾಯಿ ಕಟ್ಟುವುದಿಲ್ಲ.

ಮೊದಲಮಡಿ:
ಬರೆದಿಟ್ಟುಕೊಂಡೆ. ಹಾಗಾದರೆ ಹೊಸ ಕೋಸು ಟೊಮೆಟೊ ಆಚೆಗಿನ ಪಾತಿಗೆ. ಸಸಿಯನ್ನು ನೆಡುವ ಮೊದಲು ಒಂದೊಂದರ ಎಲೆ ಅಡಿಯನ್ನೂ ನೋಡಿಯೇ ಬಲೆ ಮುಚ್ಚುತ್ತೇನೆ. ಹಳೇ 8 ಗಿಡಗಳಲ್ಲಿ ಮೂರು ಗಡ್ಡೆ ಕಟ್ಟೋಕೆ ಶುರುಮಾಡಿವೆ. ಹೊರಗಿನ ಎಲೆ ಜರಡಿಯೇ, ಒಳಗಿನ ಎಲೆ ಮಾತ್ರ ಒಂದು ತೂತೂ ಇಲ್ಲದೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದೆ.